ಪರಿಚಯ ಇಲ್ಲದ್ದಕ್ಕೂ ಬಿಲ್ ಬರುತ್ತದೆ

ಎಲ್ಲರಿಗೂ ನಮಸ್ಕಾರ. ಸಂಘದವರು ನನಗೆ ಕೊಟ್ಟ ವಿಷಯ ಉಳಿತಾಯ. ಇಪ್ಪತ್ತೇ ನಿಮಿಷ ಅಂತಲೂ ಹೇಳಿದ್ದಾರೆ. ಮಾತಿನಲ್ಲಿ ನಾನು ಉಳಿತಾಯ ಮಾಡಿದ ದಾಖಲೆ ಎಲ್ಲೂ ಇಲ್ಲ, ನೋಡೋಣ.

ಖರ್ಚು ಬರೆದಿಡಿ, ಬಜೆಟ್ ಹಾಕಿ, ಇದೆಲ್ಲ ನಿಮಗೆ ಗೊತ್ತಿರುವುದೇ. ನಾನು ಹೇಳಬೇಕು ಅಂತ ಬಂದದ್ದು ಬೇರೆ. ನಗರದಲ್ಲಿ ನಮ್ಮ ಖರ್ಚಿನ ಒಂದು ಪಾಲು ಪಕ್ಕದ ಮನೆಯವರು ಯಾರು ಅಂತ ಗೊತ್ತಿಲ್ಲದ್ದರಿಂದಲೇ ಬರುತ್ತದೆ. ಯಾವ ಬಿಲ್ಲಿನಲ್ಲೂ ಹಾಗಂತ ಬರೆದಿರುವುದಿಲ್ಲ, ಅಷ್ಟೇ.

ನಮ್ಮ ಕಟ್ಟಡದ ಡ್ರಿಲ್ ಕಥೆ ಹೇಳುತ್ತೇನೆ. ಮೊದಲೇ ಕೇಳಿದವರು ಕ್ಷಮಿಸಿ, ನನಗೆ ಇದನ್ನು ಹೇಳದೆ ಇರಲಾಗುವುದಿಲ್ಲ. ಒಬ್ಬರಿಗೆ ಕನ್ನಡಿ ನೇತುಹಾಕಬೇಕಿತ್ತು. ಫೋನ್ ಹಿಡಿದು ಯಾವ ಡ್ರಿಲ್ ಒಳ್ಳೆಯದು ಅಂತ ನೋಡುತ್ತಾ ಕೂತಿದ್ದಾರೆ. ಅದೇ ಹೊತ್ತಿಗೆ ಗೋಡೆಯಾಚೆಯಿಂದ ಗುರ್ರ್ ಅಂತ ಡ್ರಿಲ್ ಸದ್ದು! ಇವರು ಏನು ಮಾಡಿದರು ಹೇಳಿ? ಎದ್ದು ಕಿಟಕಿ ಮುಚ್ಚಿದರು, ಗುಂಪಿನ ವಾಟ್ಸ್‌ಆ್ಯಪ್‌ನಲ್ಲಿ ‘ಯಾರ್ರೀ ಅದು ಸದ್ದು’ ಅಂತ ಹಾಕಿದರು, ಆಮೇಲೆ ಆರಾಮಾಗಿ ಹೊಸ ಡ್ರಿಲ್ ಆರ್ಡರ್ ಮಾಡಿದರು. ಪಕ್ಕದವರನ್ನೇ ಕೇಳಬಹುದಿತ್ತಲ್ಲ ಅಂದೆ. ‘ಹೇಗೆ ಕೇಳೋದು ಸರ್, ಅವರ ಹೆಸರೇ ಗೊತ್ತಿಲ್ಲ’ ಅಂದರು. ದಿನಾ ಒಟ್ಟಿಗೇ ಲಿಫ್ಟಿನಲ್ಲಿ ಇಳಿಯುವವರು! ಲಿಫ್ಟಿನಲ್ಲಿ ಸಿಗ್ನಲ್ ಇರುವುದಿಲ್ಲ, ಆದರೂ ಇಬ್ಬರೂ ಫೋನ್ ನೋಡುತ್ತಾ ನಿಂತಿರುತ್ತಾರೆ. ಎರಡು ರಂಧ್ರ ಕೊರೆದ ಆ ಡ್ರಿಲ್ ಈಗ ಅಟ್ಟದ ಮೇಲಿದೆ. ಪಕ್ಕದವರದ್ದೂ ಅಟ್ಟದ ಮೇಲೇ ಇದೆ. ಏಣಿ, ದೊಡ್ಡ ಸೂಟ್‌ಕೇಸು, ಮಗು ಬೆಳೆದ ಮೇಲೆ ಮೂಲೆ ಸೇರಿದ ತೊಟ್ಟಿಲು, ಎಲ್ಲದರದ್ದೂ ಇದೇ ಕಥೆ. ಇವನ್ನೆಲ್ಲ ಇಡೋಕೆ ಜಾಗ ಸಾಲದು ಅಂತ ನಾವು ಇನ್ನೂ ದೊಡ್ಡ ಮನೆ ಹುಡುಕುತ್ತೇವೆ.

ಸಾಲದ ವಿಷಯಕ್ಕೆ ಬರೋಣ. ಹೊಸ ಕಾರು ಬಂದರೆ ಗುಂಪಿಗೆ ಫೋಟೊ ಬರುತ್ತದೆ, ಅದರ ಕಂತಿನ ಫೋಟೊ ಯಾರಾದರೂ ಹಾಕಿದ್ದಾರಾ? ಹಾಗಾಗಿ ಉಳಿದವರೆಲ್ಲ ಸುಖವಾಗಿದ್ದಾರೆ, ನಾನೊಬ್ಬನೇ ಹಿಂದೆ ಬಿದ್ದೆ ಅಂತ ಪ್ರತಿಯೊಬ್ಬರಿಗೂ ಅನ್ನಿಸುತ್ತದೆ, ಕ್ರೆಡಿಟ್ ಕಾರ್ಡ್ ಉಜ್ಜುತ್ತೇವೆ, ತಿಂಗಳ ಕೊನೆಗೆ ಮಿನಿಮಮ್ ಡ್ಯೂ, ಅಂದರೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅದನ್ನು ಮಾತ್ರ ಕಟ್ಟಿ ನಿಟ್ಟುಸಿರು ಬಿಡುತ್ತೇವೆ. ಉಳಿದ ಬಾಕಿಗೆ ತಿಂಗಳಿಗೆ 3% ಬಡ್ಡಿ ಅಂದರೆ ಸಣ್ಣದಾಗಿ ಕಾಣುತ್ತದೆ. ಬಡ್ಡಿಗೆ ಬಡ್ಡಿ ಸೇರಿದರೆ ವರ್ಷಕ್ಕೆ 42% ದಾಟುತ್ತದೆ. ಏನೂ ಕಟ್ಟದೆ ಬಿಟ್ಟರೆ ಎರಡೇ ವರ್ಷದಲ್ಲಿ ಸಾಲ ಎರಡರಷ್ಟಾಗುತ್ತದೆ. ಇದನ್ನು ಬ್ಯಾಂಕಿನವರು ಕೂರಿಸಿಕೊಂಡು ಹೇಳುವುದಿಲ್ಲ. ಒಮ್ಮೆ ಅನುಭವಿಸಿದ ಪಕ್ಕದ ಮನೆಯವರು ಹೇಳುತ್ತಿದ್ದರು, ಆದರೆ ಅವರ ಹೆಸರು ನಮಗೆ ಗೊತ್ತಿಲ್ಲ. ನೋಡಿ, ಮತ್ತೆ ಅಲ್ಲಿಗೇ ಬಂದೆ.

ಮಾರ್ಕ್ ಗ್ರಾನೊವೆಟರ್ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞರು. 1973ರಲ್ಲಿ ಅವರೊಂದು ಲೇಖನ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಕೇಳಿದರೆ, ಹೆಚ್ಚಿನವರಿಗೆ ಸುದ್ದಿ ಕೊಟ್ಟದ್ದು ಆಪ್ತ ಸ್ನೇಹಿತರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವವರು. ಯಾಕೆ ಅಂದರೆ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಅರ್ಧ ಪರಿಚಯದವರಿಂದ. ಅಂದರೆ ಲಿಫ್ಟಿನವರಿಂದ!

ಹಿಂದಿನ ಸಾಲಿನಲ್ಲಿ ಒಬ್ಬರು ತಲೆ ಅಲ್ಲಾಡಿಸುತ್ತಿದ್ದಾರೆ. ಗೊತ್ತು, ನಾಲ್ಕು ಜನ ನಮ್ಮ ಮನೆಯೊಳಗೆ ಇಣುಕಬಾರದು ಅಂತಲೇ ಎಷ್ಟೋ ಜನ ನಗರಕ್ಕೆ ಬರುತ್ತಾರೆ. ಬಾಗಿಲು ಹಾಕಿಕೊಂಡು ಇರುವ ಸುಖ ನನಗೂ ಬೇಕು, ಅದನ್ನು ಬಿಡಿ ಅಂತ ನಾನು ಹೇಳೋದಿಲ್ಲ. ಆದರೆ ಏಣಿ ಕೇಳೋಕೆ ಸಂಬಳ ಎಷ್ಟು ಅಂತ ಹೇಳಬೇಕಾಗಿಲ್ಲ, ಅಲ್ವಾ?

ಚೀಟಿ ಬಂತು. ಐದು ನಿಮಿಷ ಅಂತೆ. ವಿಮೆ, ನಿವೃತ್ತಿ ಎರಡೂ ಬಿಟ್ಟೆ, ಅವಕ್ಕೆ ಬೇರೆಯವರನ್ನು ಕರೆಯಿರಿ. ಮೂರರಿಂದ ಆರು ತಿಂಗಳ ಖರ್ಚಿನಷ್ಟು ದುಡ್ಡು ಬೇರೆ ಖಾತೆಯಲ್ಲಿರಲಿ, ಸಾಲ ಇದ್ದರೆ ಜಾಸ್ತಿ ಬಡ್ಡಿಯದ್ದನ್ನು ಮೊದಲು ತೀರಿಸಿ. ಒಂಟಿಯಾಗಿರುವ ಹಿರಿಯರ ಬಗ್ಗೆ ತುಂಬ ಹೇಳಬೇಕಿತ್ತು. ಬ್ರಿಟನ್ 2018ರಲ್ಲಿ ಒಂಟಿತನಕ್ಕೇ ಅಂತ ಒಬ್ಬ ಸಚಿವರನ್ನು ನೇಮಿಸಿತು, ಅಷ್ಟಕ್ಕೇ ಬಿಡುತ್ತೇನೆ.

ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ಹಾಳೆ, ಪೆನ್ನು ಇಟ್ಟಿದ್ದೇನೆ. ಹೆಸರು, ಮನೆ ನಂಬರು, ಬೇರೆಯವರಿಗೆ ಕೊಡಬಹುದಾದ ಒಂದು ವಸ್ತು ಬರೆದು ಹೋಗಿ. ಡ್ರಿಲ್ ಮಾತ್ರ ಬೇಡ, ಅದು ಈಗಾಗಲೇ ಬೇಕಾದಷ್ಟಿದೆ.