ಬಕೆಟ್ ಒದ್ದವರು, ಬೀನ್ಸ್ ಚೆಲ್ಲಿದವರು

ಕೇಳುಗರಿಗೆ ನಮಸ್ಕಾರ.

‘ಕಿಕ್ ದ ಬಕೆಟ್’ ಅಂದರೆ ಸಾಯುವುದು. ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿಯಲ್ಲಿ ಹೀಗೇ ಬರೆದಿರುತ್ತಾರೆ. ಬಾಯಿಪಾಠ ಮಾಡಿಕೊಂಡರೆ ಆಯ್ತು, ಅಲ್ವಾ?

ಆಗಲಿಲ್ಲ. ಗೆಳೆಯರ ತಂದೆ ತೀರಿಕೊಂಡಿದ್ದಾರೆ ಅಂದುಕೊಳ್ಳಿ. ಮಾತನಾಡಿಸಲು ಹೋದ ನೀವು ‘ಯುವರ್ ಫಾದರ್ ಕಿಕ್ಡ್ ದ ಬಕೆಟ್’ ಅಂದರೆ? ವ್ಯಾಕರಣ ಸರಿ, ಅರ್ಥವೂ ಸರಿ. ಆದರೆ ಕೇಳಿದವರಿಗೆ ‘ನಿಮ್ಮಪ್ಪ ಗೊಟಕ್ ಅಂದನಂತೆ’ ಅಂದ ಹಾಗಾಗುತ್ತದೆ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬಾತ ಇಂಗ್ಲಿಷಿನ ಒರಟು ಮಾತುಗಳದ್ದೇ ಒಂದು ನಿಘಂಟು ತಂದ. ಈ ಬಕೆಟ್ ಅದರಲ್ಲಿ ಆಗಲೇ ಇತ್ತು. ಇನ್ನೂರು ವರ್ಷ ದಾಟಿದರೂ ಅದು ಮರ್ಯಾದೆಯ ಮಾತಾಗಿಲ್ಲ.

ಇದರಲ್ಲಿ ಇನ್ನೊಂದು ಮಜಾ ಇದೆ. ಇದನ್ನೇ ಕರ್ಮಣಿಗೆ ತಿರುಗಿಸಿ ‘ದ ಬಕೆಟ್ ವಾಸ್ ಕಿಕ್ಡ್’ ಅನ್ನಿ. ಸಾವು ಮಾಯ! ಯಾರೋ ನಿಜವಾಗಿ ಬಕೆಟ್ ಒದ್ದರು ಅಂತಷ್ಟೇ ಉಳಿಯುತ್ತದೆ. ‘ದ ಬಕೆಟ್’ ಬಿಟ್ಟು ‘ಎ ಬಕೆಟ್’ ಅಂದರೂ ಅದೇ ಕಥೆ. ‘ಸ್ಪಿಲ್ ದ ಬೀನ್ಸ್’ ಇಷ್ಟು ಹಟಮಾರಿಯಲ್ಲ. ಅದರ ಅರ್ಥ ಗುಟ್ಟು ಬಿಟ್ಟುಕೊಡುವುದು. ‘ದ ಬೀನ್ಸ್ ವರ್ ಸ್ಪಿಲ್ಡ್’ ಅಂದರೂ ಗುಟ್ಟು ರಟ್ಟಾಯಿತು ಅಂತಲೇ ಆಗುತ್ತದೆ. ಇಲ್ಲಿ ಬೀನ್ಸ್ ಅಂದರೆ ಗುಟ್ಟು, ಚೆಲ್ಲುವುದು ಅಂದರೆ ಹೊರಗೆ ಹಾಕುವುದು. ಒಂದೊಂದು ಪದಕ್ಕೂ ಒಂದೊಂದು ಕೆಲಸ ಇದೆ. ಪಾಪ, ಬಕೆಟ್ಟಿಗೆ ಸಾವಿನಲ್ಲಿ ಯಾವ ಪಾತ್ರವೂ ಇಲ್ಲ. ಆದ್ದರಿಂದ ನುಡಿಗಟ್ಟನ್ನು ಬಿಡಿಯಾಗಿ ಬರೆದಿಟ್ಟುಕೊಳ್ಳಬೇಡಿ. ಅದು ಬಂದ ಇಡೀ ವಾಕ್ಯ ಬರೆದುಕೊಳ್ಳಿ. ಯಾರು ಯಾರಿಗೆ ಹೇಳಿದರು ಅನ್ನುವುದನ್ನೂ ಪಕ್ಕದಲ್ಲಿ ಗೀಚಿ.

‘ಅಂಡರ್ ದ ವೆದರ್’ ಅಂದರೆ ಮೈ ಹುಷಾರಿಲ್ಲ. ನೆಗಡಿ, ಸಣ್ಣ ಜ್ವರಕ್ಕೆ ಸರಿ. ಐಸಿಯುನಲ್ಲಿ ಮಲಗಿದವರ ಬಗ್ಗೆ ಹೇಳಿದರೆ ಕುಚೋದ್ಯ ಮಾಡಿದಂತಾಗುತ್ತದೆ. ಇನ್ನು ಬೆಕ್ಕು ನಾಯಿಗಳ ಮಳೆ, ಅದೇ ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’, ಪಠ್ಯಪುಸ್ತಕದಲ್ಲಿ ಸುರಿದಷ್ಟು ಮಾತಿನಲ್ಲಿ ಸುರಿಯುವುದಿಲ್ಲ. ‘ಇಟ್ಸ್ ಪೋರಿಂಗ್’ ಅಂದರೆ ಸಾಕು.

‘ಒನ್ಸ್ ಇನ್ ಎ ಬ್ಲೂ ಮೂನ್’ ನಮ್ಮ ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಅನ್ನುವುದಕ್ಕೆ ಹತ್ತಿರ. ಲೆಕ್ಕ ಹಾಕಿದರೆ ಮಾತ್ರ ನಾವೇ ಧಾರಾಳಿಗಳು. ಒಂದೇ ಕ್ಯಾಲೆಂಡರ್ ತಿಂಗಳಲ್ಲಿ ಬರುವ ಎರಡನೇ ಹುಣ್ಣಿಮೆಯನ್ನು ಬ್ಲೂ ಮೂನ್ ಅನ್ನುತ್ತಾರೆ. ಅದು ಬರುವುದು ಸುಮಾರು ಎರಡೂವರೆ ವರ್ಷಕ್ಕೊಮ್ಮೆ.

ಇಂಗ್ಲಿಷ್ ಮನೆಮಾತಾದವರೂ ಇದರಲ್ಲಿ ಎಡವುತ್ತಾರೆ. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡೋಣ ಅಂದರೆ ಬ್ರಿಟನ್ನಿನಲ್ಲಿ ಈಗಲೇ ಚರ್ಚೆಗೆ ತರೋಣ ಅಂತ. ಅಮೆರಿಕದಲ್ಲಿ ಸದ್ಯಕ್ಕೆ ಪಕ್ಕಕ್ಕಿಡೋಣ ಅಂತ. ಎರಡನೇ ಮಹಾಯುದ್ಧದ ಹೊತ್ತಿಗೆ ಎರಡೂ ದೇಶದವರು ಈ ಪದ ಹಿಡಿದು ತುಂಬಾ ಹೊತ್ತು ವಾದ ಮಾಡಿದ್ದನ್ನು ವಿನ್‌ಸ್ಟನ್ ಚರ್ಚಿಲ್ ಬರೆದಿದ್ದಾರೆ. ಕೊನೆಗೆ ನೋಡಿದರೆ, ಇಬ್ಬರಿಗೂ ಬೇಕಿದ್ದದ್ದು ಒಂದೇ!