ಮರದೊಳಗೆ ಹೋಗುವವರು ಯಾರು?

ಎಲ್ಲರಿಗೂ ನಮಸ್ಕಾರ. ಪೈನ್ ಮರದ ಸೊರಗು ರೋಗ ನಿಮಗೆ ಹೊಸದಲ್ಲ, ಹಾಗಾಗಿ ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ರೋಗ ತರುವುದು ಒಂದು ಮಿಲಿಮೀಟರ್ ಆಸುಪಾಸಿನ ಜಂತುಹುಳು. ಅದು ತಾನೇ ಮರದಿಂದ ಮರಕ್ಕೆ ಹೋಗಲಾರದು. ಉದ್ದ ಮೀಸೆಯ ಕೊರಕ ದುಂಬಿಯ ಉಸಿರುನಾಳದಲ್ಲಿ ಕೂತು ಹೋಗುತ್ತದೆ, ಒಂದೊಂದು ದುಂಬಿಯಲ್ಲಿ ಸಾವಿರಗಟ್ಟಲೆ. ದುಂಬಿ ಎಳೆ ರೆಂಬೆಯ ತೊಗಟೆ ಮೆಲ್ಲುತ್ತದೆ, ಆ ಗಾಯದಿಂದ ಜಂತುಹುಳುಗಳು ಒಳಗಿಳಿಯುತ್ತವೆ, ಮರ ಸೊರಗಿ ಸಾಯುತ್ತದೆ.

ಜಪಾನಿನ ನಾಗಾಸಾಕಿಯಲ್ಲಿ 1905ರ ಹೊತ್ತಿಗೇ ಪೈನ್ ಮರಗಳು ಹೀಗೆ ಸಾಯುತ್ತಿದ್ದವು. ಕೊಲ್ಲುವುದು ಜಂತುಹುಳು ಅಂತ ತೋರಿಸಿದ್ದು 1971ರಲ್ಲಿ. ಅಷ್ಟು ವರ್ಷ ಸುಮ್ನೆ ಕೊರಕ ಹುಳುಗಳನ್ನೇ ಬೈದಿದ್ದಾಯಿತು. ಆಮೇಲೆ 1982ರಲ್ಲಿ ಚೀನಾದ ನಾನ್‌ಜಿಂಗ್, 1988ರಲ್ಲಿ ಕೊರಿಯಾದ ಬುಸಾನ್, 1999ರಲ್ಲಿ ಪೋರ್ಚುಗಲ್.

ಈಗ ನನ್ನ ಮಾತಿಗೆ ಬರುತ್ತೇನೆ. ನಾವು ಔಷಧಿ ಹೊಡೆಯುವುದು ದುಂಬಿ ಹೊರಗೆ ಹಾರಾಡುವ ಕೆಲವು ವಾರ. ಅದರ ಬದುಕಿನ ಬಹುಪಾಲು ಕಳೆಯುವುದು ಮರಿಹುಳುವಾಗಿ, ಕಟ್ಟಿಗೆಯೊಳಗೆ. ಅಲ್ಲಿಗೆ ಹೋಗುವವರು ಯಾರು?

ಇದು ನನಗೆ ತಲೆಗೆ ಹೊಕ್ಕಿದ್ದು ಒಂದು ದಿಮ್ಮಿಯಿಂದ. ಸತ್ತ ಪೈನ್ ಮರದ್ದು, ನನ್ನ ತೋಳಿನಷ್ಟು ಉದ್ದ. ಒಂದು ತುದಿಗೆ ಕಿವಿ ಇಟ್ಟೆ, ಕರ್‌ ಕರ್‌ ಅಂತ ಮೆಲ್ಲುವ ಸದ್ದು, ನಿಲ್ಲುತ್ತಲೇ ಇರಲಿಲ್ಲ. ಇನ್ನೊಂದು ತುದಿಗೆ ಇಟ್ಟೆ, ಏನೂ ಇಲ್ಲ. ಅಲ್ಲಿ ಹುಳುವೇ ಬಿದ್ದಿಲ್ಲ ಅಂದುಕೊಂಡು ಮೊದಲು ಸದ್ದಿನ ಕಡೆ ಸೀಳಿದೆ. ಬೆಳ್ಳಗೆ ದಪ್ಪನೆಯ ಮರಿಹುಳು, ಸುತ್ತ ಮರದ ನಾರು. ಆಮೇಲೆ ಸುಮ್ಮನಿದ್ದ ಕಡೆ ಸೀಳಿದರೆ ಅಲ್ಲೂ ಅಂಥದ್ದೇ ಸುರಂಗ! ಆದರೆ ಒಳಗೆ ಉಳಿದಿದ್ದು ಹುಳುವಿನ ಗಟ್ಟಿ ತಲೆ ಮತ್ತು ಮುದುಡಿದ ಚರ್ಮ. ಪಕ್ಕದಲ್ಲಿ ಒತ್ತೊತ್ತಾಗಿ ಏಳೆಂಟು ಕಂದು ಗೂಡುಗಳು. ಅಂದರೆ ಆ ತುದಿ ಸುಮ್ಮನಾಗಿದ್ದು ಸುಮ್ನೆ ಅಲ್ಲ, ಯಾರೋ ನಮಗಿಂತ ಮೊದಲು ಒಳಗೆ ಹೋಗಿ ಕೆಲಸ ಮುಗಿಸಿದ್ದರು.

ಆ ಗೂಡು ಡಾಸ್ಟಾರ್ಕಸ್‌ದು. ಅದೂ ದುಂಬಿಯೇ, ದುಂಬಿಯನ್ನು ತಿಂದು ಬೆಳೆಯುವ ದುಂಬಿ. ಮೊಟ್ಟೆಯೊಡೆದ ಮರಿಗೆ ಕಾಲಿರುತ್ತದೆ, ಸುರಂಗದ ಪುಡಿಯಲ್ಲಿ ನಡೆದು ಕೊರಕ ಹುಳುವನ್ನು ಹುಡುಕುತ್ತದೆ. ಸಿಕ್ಕಿದ ಮೇಲೆ ಅಂಟಿಕೊಂಡು ತಿನ್ನುತ್ತದೆ, ಕಾಲು ಹೊರಟುಹೋಗುತ್ತದೆ. ಊಟದ ಮುಂದೆ ಕೂತ ಮೇಲೆ ಕಾಲು ಯಾಕೆ, ಅಲ್ವಾ?

ಇನ್ನೊಂದು ಸ್ಕ್ಲೆರೊಡರ್ಮಸ್ ಕಣಜ. ಮೂರ್ನಾಲ್ಕು ಮಿಲಿಮೀಟರ್ ಅಷ್ಟೇ. ಹೆಣ್ಣಿಗೆ ಹೆಚ್ಚಾಗಿ ರೆಕ್ಕೆ ಇಲ್ಲ, ನೋಡಿದರೆ ಇರುವೆ ಅಂತೀರಿ. ತನಗಿಂತ ಎಷ್ಟೋ ಪಟ್ಟು ದೊಡ್ಡ ಹುಳುವಿಗೆ ಚುಚ್ಚಿ ಚುಚ್ಚಿ ಅಲುಗದ ಹಾಗೆ ಮಾಡಿ, ಅದರ ಮೈಮೇಲೇ ಮೊಟ್ಟೆ ಇಡುತ್ತದೆ. ಇಟ್ಟು ಓಡಿಹೋಗುವುದಿಲ್ಲ, ಮರಿಗಳ ಜೊತೆ ಅಲ್ಲೇ ಇದ್ದು ನೋಡಿಕೊಳ್ಳುತ್ತದೆ. ಚೀನಾದಲ್ಲಿ ಇವನ್ನು ಸಾಕಿ, ಪುಟ್ಟ ಕೊಳವೆಗಳಲ್ಲಿ ತುಂಬಿ ಕಾಡಿಗೆ ಬಿಡುತ್ತಾರೆ. ಎಳೆಯ ಮರಿಹುಳುಗಳಿಗೆ ಈ ಕಣಜ, ಬಲಿತವಕ್ಕೆ ಮತ್ತು ಕೋಶಕ್ಕೆ, ಅಂದರೆ ಮರಿಹುಳು ದುಂಬಿಯಾಗುವ ಮುಂಚಿನ ಹಂತಕ್ಕೆ, ಡಾಸ್ಟಾರ್ಕಸ್. ಹೊತ್ತು ನೋಡಿ ಬಿಡಬೇಕು.

ಇದರಿಂದ ಕಾಯಿಲೆ ಬಿದ್ದ ಮರ ಬದುಕುತ್ತದಾ? ಇಲ್ಲ. ಕೊರಕ ಮೊಟ್ಟೆ ಇಡುವುದೇ ಸೊರಗಿದ ಮರಕ್ಕೆ, ಆ ಮರ ಹೋದ ಹಾಗೇ. ಕಡಿಮೆಯಾಗುವುದು ಮುಂದಿನ ವರ್ಷ ಹೊರಬರುವ ದುಂಬಿ. ಸೋಂಕಿದ ಮರ ಕಡಿದು ಚೂರು ಮಾಡುವುದು, ಸುಡುವುದು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಮಿತ್ರ ಕೀಟಗಳು ಓಡಾಡುವ ಕಾಡಿಗೆಲ್ಲ ಕಣ್ಣುಮುಚ್ಚಿ ಔಷಧಿ ಹೊಡೆಯಬೇಡಿ, ಅಷ್ಟೇ. ಅವೂ ಸತ್ತರೆ ಮತ್ತೆ ಅದೇ ಪ್ರಶ್ನೆ, ಒಳಗೆ ಹೋಗುವವರು ಯಾರು?

ಗಡಿಯಾರ ತೋರಿಸುತ್ತಿದ್ದಾರೆ. ಬ್ರಕೋನಿಡ್ ಕಣಜ, ಮರಿಹುಳು ಹಿಡಿದು ತಿನ್ನುವ ಟ್ರೋಗೊಸಿಟಾ ದುಂಬಿ, ಮರಕುಟಿಗ, ಬಿವೇರಿಯಾ ಶಿಲೀಂಧ್ರ, ಕೊರಕದ ಈ ಶತ್ರುಗಳ ಬಗ್ಗೆಯೂ ಹೇಳಬೇಕಿತ್ತು, ಆಗಲಿಲ್ಲ. ಆ ದಿಮ್ಮಿಯಲ್ಲಿ ಸಿಕ್ಕ ಖಾಲಿ ಗೂಡುಗಳನ್ನು ಗಾಜಿನ ಡಬ್ಬಿಯಲ್ಲಿ ತಂದಿದ್ದೇನೆ, ಮೇಜಿನ ಮೇಲಿದೆ. ಪಕ್ಕದಲ್ಲಿ ಭೂತಗನ್ನಡಿಯೂ ಇದೆ. ನೋಡಿಯೇ ಹೋಗಿ.