ನೆಲಮಾಳಿಗೆಯ ಬಾಗಿಲಿನ ನ್ಯಾಯಾಲಯ

ಕೇಳುಗರೆ, ನಮಸ್ಕಾರ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ಹಿರಿಯರನ್ನು 'ಪಿಟ್ಸ್‌ಬರ್ಗ್‌ನಲ್ಲಿ ಏನು ನೋಡಿದಿರಿ' ಎಂದು ಕೇಳಿ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ ಎನ್ನುತ್ತಾರೆ. ಆ ಗುಡಿ ಇರುವುದು ಅಲೆಘೆನಿ ಕೌಂಟಿಯಲ್ಲಿ. ಕೌಂಟಿ ಎಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆಯ ಹಾಗೆ. ಅದೇ ಕೌಂಟಿಯ ಹಳೆಯ ನ್ಯಾಯಾಲಯ ಪಿಟ್ಸ್‌ಬರ್ಗ್ ಪೇಟೆಯ ಗ್ರಾಂಟ್ ಬೀದಿಯಲ್ಲಿದೆ. ದರ್ಶನ ಮುಗಿಸಿದವರು ಅದಕ್ಕೂ ಒಂದು ಗಂಟೆ ಕೊಡಲಿ ಎಂಬ ಆಸೆಯಿಂದ ಈ ಮಾತು.

ಅಲ್ಲಿದ್ದ ಹಿಂದಿನ ನ್ಯಾಯಾಲಯ 1882ರಲ್ಲಿ ಬೆಂಕಿಗೆ ತುತ್ತಾಯಿತು. ಹೊಸದಕ್ಕೆ ಐವರು ವಾಸ್ತುಶಿಲ್ಪಿಗಳಿಂದ ನಕ್ಷೆ ತರಿಸಿದರು. ಗೆದ್ದವರು ಹೆನ್ರಿ ಹಾಬ್ಸನ್ ರಿಚರ್ಡ್ಸನ್. 1884ರಲ್ಲಿ ಕೆಲಸ ಹಿಡಿದರು. ಮ್ಯಾಸಚೂಸೆಟ್ಸ್‌ನ ಮಿಲ್‌ಫರ್ಡ್‌ನಿಂದ ನಸುಗೆಂಪು ಛಾಯೆಯ ಗ್ರಾನೈಟ್ ಬಂತು. ಅದರ ಮುಖವನ್ನು ನಯ ಮಾಡಲಿಲ್ಲ; ಒರಟಾಗಿಯೇ ಬಿಟ್ಟರು. ಸೈಜುಗಲ್ಲಿನ ಗೋಡೆಗಳ ನಡುವೆ ಬೆಳೆದ ನಮಗೆ ಆ ಒರಟುತನ ಹೊಸದೇನಲ್ಲ. ಆದರೆ ಅಷ್ಟು ದಪ್ಪದ ದುಂಡು ಕಮಾನುಗಳು, ಅಷ್ಟು ಆಳದಲ್ಲಿ ಕುಳಿತ ಕಿಟಕಿಗಳು ಮಾತ್ರ ಬೆರಗು ಹುಟ್ಟಿಸುತ್ತವೆ. ಮಧ್ಯಯುಗದ ಯುರೋಪಿನ ರೋಮನೆಸ್ಕ್ ಶೈಲಿಯನ್ನು ರಿಚರ್ಡ್ಸನ್ ಎಷ್ಟು ತಮ್ಮದಾಗಿಸಿಕೊಂಡರೆಂದರೆ, ಅದಕ್ಕೆ ಅವರ ಹೆಸರೇ ಅಂಟಿಕೊಂಡಿತು.

ನನಗೆ ಇಷ್ಟವಾದದ್ದು ಮಾತ್ರ ಕಲ್ಲಲ್ಲ, ಗಾಳಿ. ಆ ಕಾಲದ ಪಿಟ್ಸ್‌ಬರ್ಗ್ ಉಕ್ಕಿನ ಕುಲುಮೆಗಳ ಊರು. ಬೀದಿಯ ತುಂಬ ಕಲ್ಲಿದ್ದಲಿನ ಮಸಿ. ಕಿಟಕಿ ತೆರೆದರೆ ನ್ಯಾಯಾಧೀಶರ ಕಾಗದವೂ ಕಪ್ಪು. ರಿಚರ್ಡ್ಸನ್ ಏನು ಮಾಡಿದರು? ಮುಂಭಾಗದ ಎತ್ತರದ ಗೋಪುರವನ್ನೇ ಕಟ್ಟಡದ ಮೂಗಾಗಿಸಿದರು. ಹೊಗೆಗಿಂತ ಮೇಲಿನ ಗಾಳಿ ಅದರ ತುದಿಯಿಂದ ಕೆಳಗಿಳಿದು ಕೋಣೆಗಳಿಗೆ ಹಂಚಿಹೋಗುತ್ತಿತ್ತು; ಬಳಸಿದ ಗಾಳಿ ಹಿಂಭಾಗದ ಗೋಪುರಗಳಿಂದ ಹೊರಬೀಳುತ್ತಿತ್ತು. ಕಟ್ಟಡದ ನಡುವೆ ದೊಡ್ಡ ಅಂಗಳವೊಂದಿದೆ. ನಮ್ಮ ತೊಟ್ಟಿಮನೆಗಳಂತೆ ಒಳಗಿನ ಕೋಣೆಗಳಿಗೂ ಅಲ್ಲಿಂದ ಬೆಳಕು. ದೂರದಿಂದ ಬರಿಯ ಠೀವಿಯಾಗಿ ಕಾಣುವ ಗೋಪುರ ದುಡಿಯುವ ಗೋಪುರವೂ ಆಗಿತ್ತು.

ಹಿಂದಿನ ಬೀದಿಯಾಚೆ ಅದೇ ಕಲ್ಲಿನ ಜೈಲು. ಎರಡನ್ನೂ ಜೋಡಿಸುವ ಮೇಲುಸೇತುವೆಗೆ, ಇಟಲಿಯ ವೆನಿಸ್ ಊರಿನ ಅದೇ ಹೆಸರಿನ ಸೇತುವೆಯನ್ನು ನೆನೆದು, ನಿಟ್ಟುಸಿರಿನ ಸೇತುವೆ ಎಂದೇ ಹೆಸರು. 1902ರ ಜನವರಿಯಲ್ಲಿ ಈ ಜೈಲಿನಿಂದ ಬಿಡಲ್ ಸಹೋದರರೆಂಬ ಇಬ್ಬರು ಮರಣದಂಡನೆಯ ಕೈದಿಗಳು ತಪ್ಪಿಸಿಕೊಂಡರು. ನೆರವಾದವಳು ಜೈಲಿನ ಅಧಿಕಾರಿಯ ಹೆಂಡತಿ ಕೇಟ್ ಸೋಫೆಲ್! ಅವಳೂ ಅವರ ಜೊತೆಗೇ ಹೋದಳು. ಬೆನ್ನಟ್ಟಿದವರೊಡನೆ ನಡೆದ ಗುಂಡಿನ ಕಾಳಗದಲ್ಲಿ ಗಾಯಗೊಂಡು ಅಣ್ಣತಮ್ಮಂದಿರು ಸತ್ತರು. ಅವಳು ಸೆರೆಮನೆ ಸೇರಿದಳು. ಆ ಜೈಲು 1995ರಲ್ಲಿ ಮುಚ್ಚಿತು, ಆಮೇಲೆ ಕೌಟುಂಬಿಕ ನ್ಯಾಯಾಲಯವಾಯಿತು.

ರಿಚರ್ಡ್ಸನ್ ಗ್ರಾಂಟ್ ಬೀದಿಯ ನ್ಯಾಯಾಲಯ ಮುಗಿದದ್ದನ್ನು ನೋಡಲಿಲ್ಲ. 1886ರ ಏಪ್ರಿಲ್‌ನಲ್ಲಿ, 47ನೆಯ ವಯಸ್ಸಿನಲ್ಲಿ, ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಉಳಿದ ಕೆಲಸವನ್ನು ಅವರ ಕಚೇರಿಯವರೇ 1888ರಲ್ಲಿ ಮುಗಿಸಿದರು.

ಅವರು ನೋಡದೆ ಹೋದದ್ದೇ ಒಳ್ಳೆಯದಾಯಿತೇನೋ. ನ್ಯಾಯಾಲಯ ನಿಂತದ್ದು ಒಂದು ದಿಬ್ಬದ ಮೇಲೆ. ಬಂಡಿಗಳಿಗೆ ಏರು ಕಷ್ಟವೆಂದು 1913ರ ಹೊತ್ತಿಗೆ ಊರಿನವರು ದಿಬ್ಬವನ್ನೇ ಕಡಿದು ಬೀದಿಯನ್ನು ಇಳಿಸಿದರು. ಕಟ್ಟಡ ಇದ್ದಲ್ಲೇ ಉಳಿಯಿತು. ಅಡಿಪಾಯ ಬಯಲಾಯಿತು, ಬಾಗಿಲುಗಳು ಮೇಲೆ ಸಿಕ್ಕಿಕೊಂಡವು. ಮೆಟ್ಟಿಲು ಕಟ್ಟಿದರು. 1920ರ ದಶಕದಲ್ಲಿ ಬೀದಿ ಅಗಲಿಸುವಾಗ ಅದನ್ನೂ ಕಿತ್ತು, ಬಾಗಿಲನ್ನು ಕೆಳಕ್ಕೆ ಇಳಿಸಿದರು.

ಹಾಗಾಗಿ ಇಂದು ನೀವು ಒಳಹೊಗುವುದು ರಿಚರ್ಡ್ಸನ್ ನೆಲಮಾಳಿಗೆಯೆಂದು ಕಟ್ಟಿದ ಜಾಗಕ್ಕೆ. ತಗ್ಗು ಸೂರು ಕಂಡು 'ಇಷ್ಟೇನಾ' ಎಂದು ಹಿಂದಿರುಗಬೇಡಿ. ಒಂದು ಮಾಳಿಗೆ ಹತ್ತಿ. ಕಮಾನುಗಳ ಮೇಲೆ ಕಮಾನು ಹೊತ್ತ ಮಹಾಸೋಪಾನ ಅಲ್ಲಿಂದ ಶುರುವಾಗುತ್ತದೆ.

ನಮಸ್ಕಾರ.